ಸಾಂಬಾರ ಪದಾರ್ಥಗಳ ಬಡ ವ್ಯಾಪಾರಿ

ಸ್ಪೈಡರ್‌ಮ್ಯಾನ್ ಕಾಮಿಕ್ಸಿನಲ್ಲಿ 1967ರಲ್ಲಿ ಮೊದಲು ಕಾಣಿಸಿಕೊಂಡ ಕಿಂಗ್‌ಪಿನ್, ಅಂದರೆ ವಿಲ್ಸನ್ ಫಿಸ್ಕ್, ನ್ಯೂಯಾರ್ಕಿನ ಪಾತಕಲೋಕವನ್ನೇ ಆಳುವವನು. ಆದರೆ ಕಸುಬು ಏನೆಂದು ಕೇಳಿದರೆ, ತಾನೊಬ್ಬ ಬಡಪಾಯಿ ಸಾಂಬಾರ ಪದಾರ್ಥಗಳ ವ್ಯಾಪಾರಿ ಎಂದು ವಿನಯದಿಂದ ಹೇಳಿಕೊಳ್ಳುತ್ತಾನೆ. ಮಗ ರಿಚರ್ಡ್ ಕೂಡ ಅಪ್ಪನನ್ನು ಮರ್ಯಾದಸ್ಥ ವ್ಯಾಪಾರಿಯೆಂದೇ ನಂಬಿ ಬೆಳೆದು, ಕಾಲೇಜಿಗೆ ಹೋದ ಮೇಲಷ್ಟೇ ನಿಜ ತಿಳಿದು ಕಂಗಾಲಾದನಂತೆ.

ಮಂಗಳೂರಿನ ಬಂದರಿನ ಸಗಟು ಅಂಗಡಿಗಳ ನಡುವೆ ಓಡಾಡಿದವರು, ಮಗನಿಗೆ ಅಷ್ಟು ವರ್ಷ ಗೊತ್ತೇ ಆಗಲಿಲ್ಲವೆಂಬುದನ್ನು ಒಪ್ಪುವುದು ಕಷ್ಟ. ಇಲ್ಲಿ ದಿನವಿಡೀ ಬ್ಯಾಡಗಿ ಮೆಣಸು, ಜೀರಿಗೆ, ಒಳ್ಳೆಮೆಣಸುಗಳ ಮೂಟೆಗಳ ನಡುವೆ ಕುಳಿತವನು ಸಂಜೆ ಮನೆಯ ಮೆಟ್ಟಿಲು ಹತ್ತುವ ಮೊದಲೇ, ಆ ದಿನ ಲಾರಿಯಿಂದ ಯಾವ ಮಾಲು ಇಳಿಯಿತೆಂಬುದು ಒಳಗಿನವರಿಗೆ ಮೂಗಿನಿಂದಲೇ ತಿಳಿಯುತ್ತದೆ. ಕಿಂಗ್‌ಪಿನ್ ತೊಡುವುದಾದರೋ ಬಿಳಿಯ ಕೋಟು! ಅರಸಿನದ ವ್ಯಾಪಾರಿಯ ಬಿಳಿಯ ಕೋಟಿನ ಮೇಲೆ ವರ್ಷಾನುಗಟ್ಟಲೆ ಒಂದು ಹಳದಿ ಕಲೆಯೂ ಕಾಣದಿದ್ದರೆ, ಅದಕ್ಕಿಂತ ದೊಡ್ಡ ಸಾಕ್ಷಿ ಯಾವ ಪೊಲೀಸರಿಗೆ ಬೇಕು?

ಅಪ್ಪನ ಗುಟ್ಟು ತಿಳಿದ ಮಗ ಮುಂದೆ ತಾನು ಸತ್ತೆನೆಂದು ಸುದ್ದಿ ಹುಟ್ಟಿಸಿ, 1970ರಲ್ಲಿ ಸ್ಕೀಮರ್ ಎಂಬ ಹೆಸರಿನಲ್ಲಿ ಮುಖ ಮರೆಸಿಕೊಂಡು ಬಂದು ಅಪ್ಪನ ಸಾಮ್ರಾಜ್ಯಕ್ಕೇ ಕೈಹಾಕಿದ. ಅಪ್ಪನಿಗೂ ಗುರುತು ಸಿಗಲಿಲ್ಲ. ಗುಟ್ಟು ಬಚ್ಚಿಡುವ ವಿದ್ಯೆಯೊಂದನ್ನು ಮಾತ್ರ ಆ ಮನೆಯಲ್ಲಿ ತಪ್ಪದೆ ಕಲಿಸಿರಬೇಕು.

ನಮ್ಮ ಕಡೆ ಇಷ್ಟೆಲ್ಲ ಆಗಲು ನೆಂಟರು ಬಿಡಲಾರರು. ಒಬ್ಬನಿಗೆ ಸಾಂಬಾರ ಪದಾರ್ಥಗಳ ಅಂಗಡಿ ಇದೆಯೆಂದು ಗೊತ್ತಾದರೆ ಸಾಕು, ಮದುವೆಯ ದಿನ ಗೊತ್ತಾದ ಕೂಡಲೇ ದೊಡ್ಡಮ್ಮ ಫೋನು ಮಾಡಿ, ‘ಹತ್ತು ಕಿಲೋ ಕೊತ್ತಂಬರಿ, ಐದು ಕಿಲೋ ಮೆಣಸು ಕಳುಹಿಸು ಮಾರಾಯ, ನಿನ್ನ ಅಸಲು ರೇಟಿಗೇ ಹಾಕು’ ಎನ್ನುತ್ತಾರೆ. ಇಲ್ಲದ ಅಂಗಡಿಯ ಯಜಮಾನನು ಆಗ ಮುಖ ಮುಚ್ಚಿಕೊಂಡು ಬೇರೆಯವರ ಅಂಗಡಿಗೆ ಹೋಗಿ, ಚಿಲ್ಲರೆ ಬೆಲೆಗೆ ಕೊಂಡು, ಅವರ ಹೆಸರಿನ ಚೀಲದಿಂದ ಬೇರೆ ಚೀಲಕ್ಕೆ ಸುರಿದು, ನಷ್ಟಕ್ಕೆ ಮಾರಬೇಕು. ದರೋಡೆಯಿಂದ ಬಂದದ್ದು ನೆಂಟರ ಗಸಿಗೆ ಹೋದರೂ ಹೋಗಲಿ. ಮರುದಿನ ದೊಡ್ಡಮ್ಮ ಪುನಃ ಫೋನು ಮಾಡಿ, ‘ಕೊತ್ತಂಬರಿ ಹಳತು ಕಾಣುತ್ತದೆ, ನಾನೇ ಅಂಗಡಿಗೆ ಬಂದು ಬದಲಿಸಿಕೊಳ್ಳುತ್ತೇನೆ, ದಾರಿ ಹೇಳು’ ಎಂದರೆ ಅವನು ಏನು ಹೇಳಿಯಾನು?