ಐದನೇ ಆಯಾಮಕ್ಕೆ ಇವತ್ತೇ ಕೊನೇ ದಿನ

ಫೋನ್ ತೆರೆದರೆ ಸಾಕು, ಅದೇ ಕೋರ್ಸಿನ ಜಾಹೀರಾತು. ‘ಜಾಗ, ಕಾಲ ಎರಡನ್ನೂ ಮೀರಿದ ಐದನೇ ಆಯಾಮಕ್ಕೆ ಏರಿ!’ ಕೆಳಗೆ ಸಣ್ಣ ಅಕ್ಷರದಲ್ಲಿ: ಭಾನುವಾರ ಬೆಳಿಗ್ಗೆ 11ಕ್ಕೆ ಸರಿಯಾಗಿ, ಸೀಟುಗಳು ಸೀಮಿತ, ನೋಂದಣಿಗೆ ಇವತ್ತು ರಾತ್ರಿಯೇ ಕೊನೆ. ಜಾಗವನ್ನೇ ಮೀರಿದ ಮೇಲೆ ಸೀಟು ಸಾಲದೇ ಹೋಗುವುದು ಹೇಗೆ ಅಂತ ಕೇಳಿದೆ. ‘ಅದು ಮೂರನೇ ಆಯಾಮದವರ ಪ್ರಶ್ನೆ’ ಅಂತ ಉತ್ತರ ಬಂತು.

ಇವರ ವೇಗವನ್ನು ಮೆಚ್ಚಲೇಬೇಕು. ಭೌತವಿಜ್ಞಾನಿಗಳು, ಪಾಪ, ನೂರು ವರ್ಷದಿಂದ ಒದ್ದಾಡುತ್ತಿದ್ದಾರೆ. ಜಾಗದ ಮೂರು, ಕಾಲದ ಒಂದು, ಇವುಗಳ ಜೊತೆಗೆ ಇನ್ನೊಂದು ಆಯಾಮ ಸೇರಿಸಿಕೊಂಡರೆ ಗುರುತ್ವ, ವಿದ್ಯುತ್ಕಾಂತ ಎರಡೂ ಒಂದೇ ಲೆಕ್ಕದಲ್ಲಿ ಕೂರುತ್ತವೆ ಅಂತ ಥಿಯೊಡೋರ್ ಕಲುಝಾ 1919ರಲ್ಲಿ ಐನ್‌ಸ್ಟೈನ್‌ಗೆ ಬರೆದರು. ಐನ್‌ಸ್ಟೈನ್ ಅಂಥವರೇ ಹೂಂ ಅನ್ನೋಕೆ ಎರಡು ವರ್ಷ ತೆಗೆದುಕೊಂಡರು. ಲೇಖನ ಪ್ರಕಟವಾದದ್ದು 1921ರಲ್ಲಿ. ಸರಿ, ಆ ಆಯಾಮ ಕಣ್ಣಿಗೆ ಯಾಕೆ ಬೀಳಲ್ಲ? ಸುರುಳಿ ಸುತ್ತಿಕೊಂಡಿದೆ, ಅದಕ್ಕೇ ಅಂದರು 1926ರಲ್ಲಿ ಆಸ್ಕರ್ ಕ್ಲೈನ್.

ಮಳೆ ನಿಂತ ಮೇಲೆ ಬಟ್ಟೆ ಒಣಹಾಕುವ ತಂತಿ ನೋಡಿ. ದೂರಕ್ಕೆ ಬರೀ ಒಂದು ಗೆರೆ. ಹತ್ತಿರ ಹೋದರೆ ಹನಿಯೊಂದು ಮೇಲಿನಿಂದ ಜಾರಿ, ಪಕ್ಕದಲ್ಲಿ ಬಳಸಿಕೊಂಡು, ಅಡಿಗೆ ಬಂದು ನೇತಾಡುತ್ತದೆ. ಆ ಬಳಸು ಇದೆಯಲ್ಲ, ಕ್ಲೈನ್ ಹೇಳಿದ್ದು ಅಂಥದ್ದನ್ನೇ. ಆದರೆ ಅವರ ಲೆಕ್ಕದಲ್ಲಿ ಅದು ಪರಮಾಣುವಿನ ನ್ಯೂಕ್ಲಿಯಸ್‌ಗಿಂತ ಕೋಟಿ ಕೋಟಿ ಪಾಲಿಗೂ ಹೆಚ್ಚು ಚಿಕ್ಕದು. ಸೀಟು ಯಾಕೆ ಸೀಮಿತ ಅಂತ ಈಗ ಗೊತ್ತಾಯಿತು.

ಆಮೇಲೆ, ಕಣಗಳೆಲ್ಲ ಕಂಪಿಸುವ ಪುಟ್ಟ ಎಳೆಗಳು ಅನ್ನುವ ಸ್ಟ್ರಿಂಗ್ ಸಿದ್ಧಾಂತದವರು ಹತ್ತು ಆಯಾಮ ಬೇಕು ಅಂದರು. 1995ರಲ್ಲಿ ಅವರಲ್ಲೇ ಒಬ್ಬರಾದ ಎಡ್ವರ್ಡ್ ವಿಟ್ಟನ್ ಹನ್ನೊಂದು ಅಂದರು. 27 ಕಿಲೋಮೀಟರ್ ಸುತ್ತಳತೆಯ ಯಂತ್ರದಲ್ಲಿ ಕಣಗಳನ್ನು ಡಿಕ್ಕಿ ಹೊಡೆಸಿ ಹುಡುಕಿದರೂ ಇವತ್ತಿನವರೆಗೆ ಒಂದೂ ಸಿಕ್ಕಿಲ್ಲ. ಅಷ್ಟರಲ್ಲಿ ಸಿನಿಮಾದವರು 12ಡಿ ತಲುಪಿಯಾಗಿದೆ! ಕುರ್ಚಿ ಅಲುಗಾಡಿದರೆ ಒಂದು ಆಯಾಮ, ಮುಖಕ್ಕೆ ನೀರು ಚಿಮ್ಮಿದರೆ ಇನ್ನೊಂದು, ಕತ್ತಿನ ಹಿಂದೆ ಗಾಳಿ ಊದಿದರೆ ಮತ್ತೊಂದು. ವಿಟ್ಟನ್‌ಗೆ ನೀರಿನ ಐಡಿಯಾ ಹೊಳೆಯಲಿಲ್ಲ, ಹನ್ನೊಂದಕ್ಕೇ ನಿಂತುಬಿಟ್ಟರು.

ಇದೇನು ಹೊಸ ವ್ಯಾಪಾರ ಅಲ್ಲ. ಹೆನ್ರಿ ಸ್ಲೇಡ್ ಅಂತ ಒಬ್ಬ ಇದ್ದ, ಆತ್ಮಗಳ ಜೊತೆ ಮಾತಾಡಿಸುವವನು. 1876ರಲ್ಲಿ ಲಂಡನ್ನಿನಲ್ಲಿ ಮೋಸದ ಕೇಸಿನಲ್ಲಿ ಶಿಕ್ಷೆಯಾಗಿ, ಮೇಲ್ಮನವಿಯಲ್ಲಿ ತಾಂತ್ರಿಕ ಕಾರಣಕ್ಕೆ ಪಾರಾದ. ಮರುವರ್ಷವೇ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಹಾಜರ್. ಅಲ್ಲಿ ಜೋಲ್ನರ್ ಎಂಬ ಖಗೋಳ ಪ್ರೊಫೆಸರ್ ಒಂದು ದಾರದ ಎರಡು ತುದಿ ಸೇರಿಸಿ ಅರಗಿನ ಮುದ್ರೆ ಒತ್ತಿ ಕೊಟ್ಟರು. ಮುದ್ರೆ ಮುರಿಯದೆ ದಾರಕ್ಕೆ ಗಂಟು ಬಿತ್ತು. ನಾಲ್ಕನೇ ಆಯಾಮದ ಆತ್ಮಗಳದ್ದೇ ಕೆಲಸ ಅಂತ ಪ್ರೊಫೆಸರ್ ನಂಬಿಬಿಟ್ಟರು. ತಮಾಷೆ ಏನು ಗೊತ್ತಾ, ಗಣಿತ ಸರಿಯೇ ಇತ್ತು. ಜಾಗಕ್ಕೆ ನಾಲ್ಕನೇ ಆಯಾಮ ಇದ್ದರೆ ಅಂಥ ಗಂಟು ಹಾಕಬಹುದು, ಬಿಚ್ಚಲೂಬಹುದು. ಸರಿ ಇಲ್ಲದ್ದು ಸ್ಲೇಡ್ ಮಾತ್ರ. ಅವನು ದಾರಕ್ಕೆ ಗಂಟು ಹಾಕಿದ. ಈ ಕೋರ್ಸಿನವರ ಕಣ್ಣು ನಮ್ಮ ಗಂಟಿನ ಮೇಲೆ.

ಆಯಾಮ ಅಂದರೆ ಹತ್ತಿ ಹೋಗೋಕೆ ಮಹಡಿಯಲ್ಲ ಸ್ವಾಮಿ. ಒಂದು ಬಿಂದು ಎಲ್ಲಿದೆ ಅಂತ ಹೇಳೋಕೆ ಎಷ್ಟು ಸಂಖ್ಯೆ ಬೇಕು ಅನ್ನುವ ಲೆಕ್ಕ, ಅಷ್ಟೇ. ಮೇಲಿನ ಆಯಾಮದವರು, ಕೆಳಗಿನವರು ಅಂತ ಅದರಲ್ಲಿ ಜಾತಿ ಇಲ್ಲ.

ಸಿನಿಮಾದವರದ್ದು ಬಿಡಿ, ಮಕ್ಕಳು ನಕ್ಕು ಮುಖ ಒರೆಸಿಕೊಂಡು ಬರುತ್ತಾರೆ. ಆದರೆ ಕಾಯಿಲೆ ಬಿದ್ದವರಿಗೆ ‘ನೀವಿನ್ನೂ ಮೂರನೇ ಆಯಾಮದಲ್ಲಿ ಸಿಕ್ಕಿಕೊಂಡಿದ್ದೀರಿ, ಅದಕ್ಕೇ ಈ ನೋವು’ ಅನ್ನುತ್ತಾರಲ್ಲ. ಮಗು ಕಳೆದುಕೊಂಡ ತಾಯಿಗೆ ‘ಅದು ಮೇಲಿನ ಆಯಾಮದಲ್ಲಿ ಕಾಯ್ತಾ ಇದೆ, ಮುಂದಿನ ಹಂತದ ಕೋರ್ಸಿಗೆ ಸೇರಿ’ ಅನ್ನುತ್ತಾರಲ್ಲ. ಇದರ ಮೇಲೆ ಜೋಕು ಮಾಡೋಕೆ ನನಗೆ ಆಗಲ್ಲ. ಇದು ಕಳ್ಳತನ. ಮನೆಗೆ ನುಗ್ಗುವ ಕಳ್ಳನಾದರೂ ಅತ್ತವರ ಹತ್ತಿರ ಫೀಸು ಕೇಳಲ್ಲ.

ಇಷ್ಟು ಬರೆಯುವಷ್ಟರಲ್ಲಿ ರಾತ್ರಿ ಹನ್ನೆರಡು ದಾಟಿತು. ಸದ್ಯ, ಗಡುವು ಮುಗಿಯಿತು ಅಂದುಕೊಂಡೆ. ಫೋನ್ ಮತ್ತೆ ಟಣ್ ಅಂದಿತು. ‘ನಿಮಗಾಗಿ ಅವಧಿ ವಿಸ್ತರಿಸಲಾಗಿದೆ. ನಾಳೆ ರಾತ್ರಿಯೇ ಕೊನೆ.’