ಕರೆಂಟ್ ಬಿಲ್ಲು ನೋಡದೆ ತಂದಿಟ್ಟ 125 ಕೆವಿಎ ಜನರೇಟರ್

ಚಿಕ್ಕಮಗಳೂರಿನಲ್ಲಿ ನಾವು ನಡೆಸುತ್ತಿರುವ ಇಪ್ಪತ್ತನಾಲ್ಕು ಕೋಣೆಗಳ ವಸತಿಗೃಹ ಹಳೆಯ ಕಟ್ಟಡ. ಮಳೆಗಾಲದಲ್ಲಿ ಯಾವುದೋ ತೋಟದ ಸಿಲ್ವರ್ ಓಕ್ ತಂತಿಯ ಮೇಲೆ ಉರುಳಿದರೆ ಗಂಟೆಗಟ್ಟಲೆ ಕರೆಂಟ್ ಇರುವುದಿಲ್ಲವಾದ್ದರಿಂದ ಕಳೆದ ವರ್ಷ ಜನರೇಟರ್ ಹಾಕಿಸಿದೆವು. ಅದನ್ನು ಹಾಕಿಕೊಟ್ಟ ಗುತ್ತಿಗೆದಾರರ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಅವರು ಕೋಣೆಕೋಣೆಗೂ ಹೋಗಿ ಗೀಸರು, ಟಿವಿ, ಫ್ಯಾನು, ಇಸ್ತ್ರಿಪೆಟ್ಟಿಗೆಗಳ ವ್ಯಾಟುಗಳನ್ನೆಲ್ಲ ಬರೆದುಕೊಂಡು ಕೂಡಿಸಿದರು. ಗೀಸರುಗಳದ್ದೇ 48 ಕಿಲೋವ್ಯಾಟ್ ಆಯಿತು. ಅಷ್ಟೂ ಗೀಸರುಗಳು ಒಂದೇ ಹೊತ್ತಿಗೆ ಉರಿಯುತ್ತವೆಯೇ ಎಂದು ಕೇಳಿದ್ದಕ್ಕೆ, "ಕೋಡ್ ಪ್ರಕಾರ ಹೀಗೇ ಲೆಕ್ಕ ಹಾಕಬೇಕು ಸಾರ್" ಎಂದರು. ಕೋಡ್ ಎಂದರೆ ವಿದ್ಯುತ್ ಕೆಲಸಗಳ ನಿಯಮಸಂಹಿತೆ. ಆ ಒಂದು ಮಾತಿಗೆ ನಾನು ಸುಮ್ಮನಾದೆ. 125 ಕೆವಿಎ (ಕೆವಿಎ ಎಂದರೆ ಜನರೇಟರಿನ ಸಾಮರ್ಥ್ಯದ ಅಳತೆ) ಯಂತ್ರ ಹಿತ್ತಲಿಗೆ ಬಂದು ಕುಳಿತಿತು.

ಆಮೇಲೆ ನಾನೇ ಕುಳಿತು ಓದಿದೆ. ಬಳಕೆಯಲ್ಲಿರುವ ಕಟ್ಟಡದ ಹೊರೆಯನ್ನು, ಎಂದರೆ ಅದು ಎಳೆಯುವ ವಿದ್ಯುತ್ತನ್ನು, ಅಳೆಯಲು ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ 2023ರ ಆವೃತ್ತಿಯ 220.87ನೆಯ ವಿಧಿಯಲ್ಲಿ ಒಂದು ನೇರವಾದ ದಾರಿ ಇದೆ: ಒಂದು ವರ್ಷದಲ್ಲಿ ದಾಖಲಾದ ಗರಿಷ್ಠ ಬೇಡಿಕೆಯನ್ನು (ಕಟ್ಟಡ ಒಂದೇ ಹೊತ್ತಿಗೆ ಎಳೆದ ಅತಿ ಹೆಚ್ಚಿನ ವಿದ್ಯುತ್ತನ್ನು) ತೆಗೆದುಕೊಂಡು, ಅದನ್ನು ಶೇ. 125ಕ್ಕೆ ಏರಿಸಿ, ಹೊಸ ಉಪಕರಣವೇನಾದರೂ ಬರುವುದಿದ್ದರೆ ಅದನ್ನು ಸೇರಿಸಬೇಕು. ವರ್ಷದ ದಾಖಲೆ ಇಲ್ಲದಿದ್ದರೆ ಕನಿಷ್ಠ 30 ದಿನ ಮೀಟರ್ ಕಟ್ಟಿ ಅಳೆಯಬೇಕು. ನಮ್ಮ ಭಾರತೀಯ ಸಂಹಿತೆಯಲ್ಲೂ ಎಲ್ಲ ಉಪಕರಣಗಳು ಒಟ್ಟಿಗೆ ನಡೆಯುವುದಿಲ್ಲ ಎಂಬುದಕ್ಕೆ ಲೆಕ್ಕದಲ್ಲಿ ಜಾಗವಿದೆ. ಹಾಗಿರುವಾಗ ಅವರು ಹೇಳಿದ ಕೋಡ್ ಯಾವುದು?

ನಮ್ಮ ಹನ್ನೆರಡು ತಿಂಗಳ ಬಿಲ್ಲುಗಳಲ್ಲಿ ಅತಿ ಹೆಚ್ಚು ದಾಖಲಾದ ಬೇಡಿಕೆ 26 ಕಿಲೋವ್ಯಾಟ್. ಅದೂ ಮುಳ್ಳಯ್ಯನಗಿರಿಗೆ ಹೊರಟವರಿಂದ ಎಲ್ಲ ಕೋಣೆಗಳೂ ತುಂಬಿದ್ದ ಡಿಸೆಂಬರಿನಲ್ಲಿ. ಅದಕ್ಕೆ ಕಾಲು ಪಾಲು ಸೇರಿಸಿದರೆ 32.5 ಕಿಲೋವ್ಯಾಟ್, 0.8 ಪವರ್ ಫ್ಯಾಕ್ಟರಿನಲ್ಲಿ (ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಸಿಗುವ ಕಿಲೋವ್ಯಾಟಿನ ಪಾಲು) ಸುಮಾರು 41 ಕೆವಿಎ. ನೇರವಾಗಿ ಚಾಲೂ ಆಗುವ ಮೋಟಾರು ಮೊದಲ ಕ್ಷಣದಲ್ಲಿ ತನ್ನ ಪೂರ್ಣ ಹೊರೆಯ ಕರೆಂಟಿನ ಆರು ಪಟ್ಟಿನಷ್ಟು ಎಳೆಯಬಹುದು ಎಂಬುದು ನಿಜ, ಆ ಎಚ್ಚರ ಬೇಕೇ ಬೇಕು. ಆದರೆ ನಮ್ಮಲ್ಲಿರುವುದು 5 ಅಶ್ವಶಕ್ತಿಯ ಒಂದು ನೀರಿನ ಪಂಪು. 62.5 ಕೆವಿಎ ಯಂತ್ರ ಅದನ್ನು ನಿರಾಯಾಸವಾಗಿ ಎತ್ತುತ್ತಿತ್ತು.

ಈಗ ರಾತ್ರಿ ಕರೆಂಟ್ ಹೋದಾಗ 100 ಕಿಲೋವ್ಯಾಟ್ ಕೊಡಬಲ್ಲ ಎಂಜಿನ್ 15 ಕಿಲೋವ್ಯಾಟಿಗಾಗಿ ಓಡುತ್ತದೆ. ಡೀಸೆಲ್ ಎಂಜಿನ್ನನ್ನು ಶೇ. 30ಕ್ಕಿಂತ ಕಡಿಮೆ ಹೊರೆಯಲ್ಲಿ ದೀರ್ಘಕಾಲ ಓಡಿಸಿದರೆ ಸಿಲಿಂಡರ್ ಸಾಕಷ್ಟು ಕಾಯುವುದಿಲ್ಲ, ಇಂಧನ ಪೂರ್ತಿ ಉರಿಯುವುದಿಲ್ಲ, ಮಸಿ ಕಟ್ಟುತ್ತದೆ. ನಮ್ಮ ಸೈಲೆನ್ಸರಿನ ಸಂದಿನಿಂದ ಕಪ್ಪು ಜಿಡ್ಡು ಸೋರಿ ಗೋಡೆಗೆ ಹತ್ತಿದೆ. ಎರಡು ಪಟ್ಟು ಸಾಮರ್ಥ್ಯದ ಯಂತ್ರಕ್ಕಾಗಿ ಮಾಡಿದ ಬ್ಯಾಂಕ್ ಸಾಲದ ಕಂತನ್ನು ತಿಂಗಳು ತಿಂಗಳೂ ಕಟ್ಟುತ್ತಿರುವವನು ನಾನು.

ಮೊನ್ನೆ ದೂರು ಕೊಟ್ಟಾಗ ಅದೇ ಗುತ್ತಿಗೆದಾರರು ಕೊಟ್ಟ ಪರಿಹಾರವೇನೆಂದರೆ, ಎಂಜಿನ್ನಿಗೆ ಹೊರೆ ಸಾಲುತ್ತಿಲ್ಲವಾದ್ದರಿಂದ ದೊಡ್ಡ ಹೀಟರುಗಳ ಒಂದು ಲೋಡ್ ಬ್ಯಾಂಕ್ ಕೊಂಡು ಜೋಡಿಸಿ, ಆಗಾಗ ಒಂದೆರಡು ಗಂಟೆ ಓಡಿಸಬೇಕಂತೆ. ಬರೀ ಗಾಳಿ ಕಾಯಿಸಲು ನಾನು ಡೀಸೆಲ್ ಸುಡಬೇಕು, ಅದಕ್ಕೂ ಅವರಿಗೇ ಹಣ ಕೊಡಬೇಕು. ಅವರ ಎದುರಿಗೆ ಹನ್ನೆರಡೂ ಬಿಲ್ಲುಗಳನ್ನು ಹರಡಿಟ್ಟು, ಯಂತ್ರವನ್ನು ವಾಪಸು ತೆಗೆದುಕೊಂಡು 62.5 ಕೆವಿಎಯದ್ದನ್ನು ಕೊಡಿ ಎಂದು ಬರವಣಿಗೆಯಲ್ಲೇ ಕೇಳಿದ್ದೇನೆ. ಇಂದಿಗೂ ಉತ್ತರ ಬಂದಿಲ್ಲ.