ಮುಚ್ಚಳದ ಅಂಚಿನ ಸಣ್ಣ ಕಿಂಡಿ

ಮೊನ್ನೆ ಕುಕ್ಕರಿನ ಗ್ಯಾಸ್ಕೆಟ್ ಬದಲಾಯಿಸುತ್ತಿದ್ದೆ. ಹಳೆಯದು ಸಡಿಲವಾಗಿತ್ತು. ಅನ್ನಕ್ಕಿಟ್ಟರೆ ಕೂಗುವ ಬದಲು ಸುತ್ತಲೂ ಗಂಜಿ ಜಿನುಗಿಸಿ ಒಲೆಯನ್ನೆಲ್ಲ ರಾಡಿ ಮಾಡುತ್ತಿತ್ತು. ಹೊಸದನ್ನು ಮುಚ್ಚಳದೊಳಗೆ ಕೂರಿಸುವಾಗ ಪಕ್ಕದಲ್ಲಿ ನಿಂತಿದ್ದ ಮಗಳು ಮುಚ್ಚಳದ ಅಂಚನ್ನು ಬೆರಳಿನಿಂದ ಸವರಿ, "ಅಮ್ಮಾ, ಇಲ್ಯಾಕೆ ತೂತು? ಮುರಿದಿದ್ಯಾ?" ಅಂತ ಕೇಳಿದಳು. "ಮುರಿದಿಲ್ಲ ಕಣೇ, ಬೇಕಂತಲೇ ಬಿಟ್ಟಿರೋದು" ಅಂದೆ. ಅವಳಿಗೆ ಅಷ್ಟು ಸಾಕಾಯಿತು, ಹೋದಳು. ನನಗೆ ಸಾಕಾಗಲಿಲ್ಲ. ಆ ಕಿಂಡಿಯ ಬಗ್ಗೆ ಎಷ್ಟೋ ದಿನದಿಂದ ಬರೆಯಬೇಕು ಅಂದುಕೊಂಡಿದ್ದೆ, ಇವತ್ತು ಕೂತೆ. ಸ್ವಲ್ಪ ಉದ್ದವಾಗುತ್ತದೆ, ಪುರುಸೊತ್ತಿದ್ದಾಗ ಓದಿ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಯಲ್ಲಿ ಕುಕ್ಕರ್ ಸಿಡಿದಿತ್ತು. ಅಮ್ಮ ಬೇಳೆ ಇಟ್ಟು ಹಿತ್ತಿಲಿಗೆ ಬಟ್ಟೆ ಒಣಹಾಕಲು ಹೋಗಿದ್ದಳು. ಅದೊಂದೇ ಪುಣ್ಯ. ಸದ್ದು ಕೇಳಿ ಓಡಿ ಬಂದು ನೋಡಿದರೆ ಮುಚ್ಚಳ ಅಡುಗೆಮನೆಯ ಆ ಮೂಲೆಯಲ್ಲಿ ಬಿದ್ದಿತ್ತು, ಬೇಳೆ ಸೂರಿನ ತನಕ ಎಗರಿತ್ತು, ಒಲೆಯ ಒಂದು ಕಾಲು ಬಗ್ಗಿತ್ತು. ಆಮೇಲೆ ತಿಳಿದ ಕಾರಣ ತೀರಾ ಸಣ್ಣದು. ಅದಕ್ಕೆ ಕೆಲವು ವಾರ ಮೊದಲು ಸೇಫ್ಟಿ ವಾಲ್ವ್ ಹೋಗಿತ್ತು. ಅಪ್ಪ ಸಂತೆಯಲ್ಲಿ ರಸ್ತೆ ಬದಿ ಚಾಪೆಯ ಮೇಲೆ ಹರವಿಟ್ಟು ಮಾರುವವನ ಹತ್ತಿರ ಹೊಸದೊಂದನ್ನು ತಂದು ಹಾಕಿದ್ದರು. ನೋಡಲು ಥೇಟ್ ಅಸಲಿಯ ಹಾಗೇ ಇತ್ತು.

ಸೇಫ್ಟಿ ವಾಲ್ವ್ ಅಂತ ನಾವು ಕರೆಯುವ ಆ ಗುಂಡಿಯ ನಡುವೆ ಬೇಗ ಕರಗುವ ಒಂದು ಮಿಶ್ರಲೋಹ ಇರುತ್ತದೆ. ಕುಕ್ಕರ್ ಸಾಮಾನ್ಯವಾಗಿ ಹೊರಗಿನ ಗಾಳಿಗಿಂತ ಚದರ ಸೆಂಟಿಮೀಟರಿಗೆ 1 ಕಿಲೋದಷ್ಟು ಹೆಚ್ಚಿನ ಒತ್ತಡದಲ್ಲಿ ಕೆಲಸ ಮಾಡುತ್ತದೆ. ಆ ಒತ್ತಡದಲ್ಲಿ ನೀರು 100ರ ಬದಲು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ, ಬೇಳೆ ಬೇಗ ಬೇಯುವುದು ಅದಕ್ಕೇ. ವೆಯ್ಟ್ ಕೂರುವ ಕೊಳವೆಗೆ ಒಂದು ಬೇಳೆ ಸಿಪ್ಪೆಯೋ ಹುಣಿಸೆ ನಾರೋ ಸಿಕ್ಕಿಕೊಂಡಿತು ಅಂತಿಟ್ಟುಕೊಳ್ಳಿ. ಆವಿಗೆ ಹೊರಗೆ ಹೋಗಲು ದಾರಿ ಇಲ್ಲ, ಒತ್ತಡ ಏರುತ್ತದೆ, ಜೊತೆಗೆ ಬಿಸಿಯೂ ಏರುತ್ತದೆ. ಆಗ ಆ ಲೋಹ ಕರಗಿ ತೂತು ಬಿಟ್ಟುಕೊಡಬೇಕು. ನಕಲಿ ವಾಲ್ವಿನಲ್ಲಿ ಏನು ತುಂಬಿದ್ದರೋ ದೇವರೇ ಬಲ್ಲ. ಅದು ಕರಗಲಿಲ್ಲ.

ಅಮ್ಮ ತಿಂಗಳುಗಟ್ಟಲೆ ತನ್ನನ್ನೇ ಬೈದುಕೊಂಡಳು. ಕೊಳವೆ ಊದಿ ನೋಡಬೇಕಿತ್ತು, ಬೇಳೆಗೆ ನೀರು ಹೆಚ್ಚಿಡಬೇಕಿತ್ತು, ಬಿಟ್ಟು ಹೋಗಬಾರದಿತ್ತು. ಅಕ್ಕಪಕ್ಕದವರೂ ಅವಳಿಗೇ ಬುದ್ಧಿ ಹೇಳಿದರು. ಅಪ್ಪನಿಗಾಗಲಿ ಚಾಪೆಯವನಿಗಾಗಲಿ ಯಾರೂ ಒಂದು ಮಾತು ಅನ್ನಲಿಲ್ಲ. ಆ ಅನ್ಯಾಯ ಈಗಲೂ ನನ್ನನ್ನು ಚುಚ್ಚುತ್ತದೆ.

ಇದೇ ತರಹದ ದೂರುಗಳು ಕುಕ್ಕರ್ ಮಾಡುವವರ ಬಾಗಿಲಿಗೂ ಹೋಗಿದ್ದವು ಅಂತ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಟಿಟಿಕೆ ಪ್ರೆಸ್ಟೀಜಿನ ಕಥೆ ಓದುವಾಗ. ಕೆಲವರಿಗೆ ಗೊತ್ತಿರಬಹುದು, ಈ ಕುಕ್ಕರ್ ಬೆಂಗಳೂರಿನ ಕೂಸು. 1959ರಲ್ಲಿ ದೂರವಾಣಿನಗರದಲ್ಲಿ ಕಾರ್ಖಾನೆ ಶುರುವಾಯಿತು. ದೂರವಾಣಿನಗರ ಅಂದರೆ ನಮಗೆ ಐಟಿಐ ನೆನಪಾಗುತ್ತದೆ, ಟೆಲಿಫೋನ್ ನೆನಪಾಗುತ್ತದೆ. ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್ ಬಗ್ಗೆ ಹೆಮ್ಮೆಯಿಂದ ಮಾತಾಡುವ ಬೆಂಗಳೂರು ತನ್ನ ಕುಕ್ಕರನ್ನು ಆ ಸಾಲಿಗೆ ಸೇರಿಸುವುದಿಲ್ಲ. ವಾಚು, ವಿಮಾನ, ಫೋನು ಗಂಡಸರು ಅಭಿಮಾನಪಟ್ಟ ವಸ್ತುಗಳು, ಕುಕ್ಕರ್ ಅಡುಗೆಮನೆಯದು, ಅದಕ್ಕೇ ಇರಬೇಕು ಅಂತ ನನಗನ್ನಿಸುತ್ತದೆ.

ಈ ಕಂಪನಿಯ ಒಡೆಯರ ಮನೆತನ ಮದರಾಸಿನದು. ಟಿ.ಟಿ. ಕೃಷ್ಣಮಾಚಾರಿ 1928ರಲ್ಲಿ ಅಲ್ಲಿ ಒಂದು ವಿತರಣಾ ಸಂಸ್ಥೆ ಕಟ್ಟಿದರು. ಪರದೇಶದ ಸೋಪು, ಚಾಕೊಲೇಟು, ಪೆನ್ನುಗಳನ್ನು ತರಿಸಿ ದಕ್ಷಿಣದ ಊರೂರಿಗೆ ಮುಟ್ಟಿಸುವ ವ್ಯಾಪಾರ. ಆಮೇಲೆ ಅವರು ರಾಜಕೀಯಕ್ಕೆ ಹೋದರು, ವ್ಯವಹಾರ ಮಗ ಟಿ.ಟಿ. ನರಸಿಂಹನ್ ಕೈಗೆ ಬಂತು. ಕೃಷ್ಣಮಾಚಾರಿ ಸಂವಿಧಾನದ ಕರಡು ಸಮಿತಿಯಲ್ಲಿದ್ದರು. ಸಮಿತಿಯಲ್ಲಿ ಏಳು ಜನರ ಹೆಸರಿದ್ದರೂ ಕರಡಿನ ಭಾರವೆಲ್ಲ ಕೊನೆಗೆ ಅಂಬೇಡ್ಕರ್ ಒಬ್ಬರ ಹೆಗಲಿಗೆ ಬಿತ್ತು ಅಂತ 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲೇ ಎದ್ದು ಹೇಳಿದವರು ಅವರು. ಯಾರ ದುಡಿಮೆ ಎಷ್ಟು ಅಂತ ತುಂಬಿದ ಸಭೆಯಲ್ಲಿ ಒಪ್ಪಿಕೊಂಡ ಆ ಒಂದು ಮಾತಿಗೆ ಅವರ ಮೇಲೆ ನನಗೆ ಗೌರವ ಇದೆ. ಎರಡು ಸಲ ಕೇಂದ್ರದ ಹಣಕಾಸು ಸಚಿವರಾದರು. ಮೊದಲ ಸಲ ಎಲ್‌ಐಸಿ ಹಣದ ಮುಂಧ್ರಾ ಹಗರಣದಿಂದಾಗಿ 1958ರಲ್ಲಿ ರಾಜೀನಾಮೆ ಕೊಡಬೇಕಾಯಿತು. ಅವರ ಬಗ್ಗೆ ಎಲ್ಲಿ ಓದಿದರೂ ಇಷ್ಟು ಸಿಗುತ್ತದೆ. ಮರುವರ್ಷವೇ ಆ ಮನೆತನದ ಕಂಪನಿ ಬೆಂಗಳೂರಿನಲ್ಲಿ ಕುಕ್ಕರ್ ತಯಾರಿಸತೊಡಗಿತು ಅನ್ನುವುದು ಸಿಗುವುದು ಕಡಿಮೆ. ಪ್ರೆಸ್ಟೀಜ್ ಅನ್ನುವ ಹೆಸರೂ ತಂತ್ರಜ್ಞಾನವೂ ಇಂಗ್ಲೆಂಡಿನ ಕಂಪನಿಯಿಂದ ಬಂದವು, ಒಲೆ ಮಾತ್ರ ನಮ್ಮದು.

ಅದೇ 1959ರಲ್ಲಿ ಮುಂಬೈಯಲ್ಲಿ ಎಚ್.ಡಿ. ವಾಸುದೇವ ಅವರು ಇನ್ನೊಂದು ಇಂಗ್ಲಿಷ್ ಕಂಪನಿಯ ಸಹಯೋಗದಲ್ಲಿ ಹಾಕಿನ್ಸ್ ಶುರುಮಾಡಿದರು. ಅದೂ ಕುಟುಂಬದ ಕಂಪನಿಯೇ. ಒಂದೇ ವರ್ಷ, ಎರಡು ಮನೆತನ, ಎರಡು ಬಗೆಯ ಮುಚ್ಚಳ. ಹಾಕಿನ್ಸಿನದು ಓರೆಯಾಗಿ ತೂರಿಸಿ ಒಳಗಿನಿಂದ ಮೇಲಕ್ಕೆತ್ತಿ ಕೂರಿಸುವ ಒಳಮುಚ್ಚಳ. ಒಳಗಿನ ಆವಿಯೇ ಅದನ್ನು ಒತ್ತಿ ಹಿಡಿದಿರುತ್ತದೆ, ಒತ್ತಡ ಇಳಿಯುವ ತನಕ ಬಿಚ್ಚಬೇಕೆಂದರೂ ಬಿಚ್ಚಲಾಗದು. ಪ್ರೆಸ್ಟೀಜಿನದು ಮೇಲಿನಿಂದ ಇಟ್ಟು ತಿರುಗಿಸುವ ಹೊರಮುಚ್ಚಳ. ಹಾಕುವುದು ತೆಗೆಯುವುದು ಸುಲಭ, ಆದರೆ ಒಳಗೆ ಒತ್ತಡ ಮಿತಿ ಮೀರಿದರೆ ಆವಿ ಮುಚ್ಚಳವನ್ನು ಹೊರಕ್ಕೇ ನೂಕುತ್ತದೆ. ನಮ್ಮ ಸೋದರತ್ತೆ ಒಳಮುಚ್ಚಳದ ಕಡೆ, ಅಮ್ಮ ಹೊರಮುಚ್ಚಳದ ಕಡೆ. ಇಬ್ಬರೂ ಸೇರಿದಾಗ ಈ ವಾದ ಮುಗಿದದ್ದು ನಾನು ಕಂಡಿಲ್ಲ.

1972ರಲ್ಲಿ ಕೃಷ್ಣಮಾಚಾರಿಯವರ ಮೊಮ್ಮಗ ಟಿ.ಟಿ. ಜಗನ್ನಾಥನ್ ವ್ಯವಹಾರಕ್ಕೆ ಬಂದರು. ಮದರಾಸು ಐಐಟಿಯಲ್ಲಿ ಚಿನ್ನದ ಪದಕ ತೆಗೆದು ಅಮೆರಿಕದ ಕಾರ್ನೆಲ್‌ನಲ್ಲಿ ಓದುತ್ತಿದ್ದ ಹುಡುಗ. ಮನೆಯ ಕಂಪನಿಗಳು ಸಾಲದಲ್ಲಿ ಮುಳುಗಿವೆ ಅಂತ ಕರೆ ಬಂದು ವಾಪಸಾದವರು. ಅವರ ಸೋದರ ರಂಗನಾಥನ್ ಕುಡಿತದ ಕಾಯಿಲೆಯಿಂದ ತೀರಿಕೊಂಡರು. ಗಂಡನನ್ನು ಕಳೆದುಕೊಂಡ ಶಾಂತಿ ರಂಗನಾಥನ್ ಅದೇ ಕಾಯಿಲೆಯವರಿಗಾಗಿ ಚೆನ್ನೈಯಲ್ಲಿ ಆಸ್ಪತ್ರೆ ಕಟ್ಟಿದರು. ಕುಡಿತವನ್ನು ಮನೆಯ ಮರ್ಯಾದೆಯ ಪ್ರಶ್ನೆ ಅಂತ ಮುಚ್ಚಿಡುತ್ತಿದ್ದ ಕಾಲದಲ್ಲಿ ಅದಕ್ಕೆ ಸತ್ತವರ ಹೆಸರನ್ನೇ ಇಟ್ಟು ಬೋರ್ಡು ಹಾಕಿದ್ದು ಸಾಮಾನ್ಯ ಧೈರ್ಯವಲ್ಲ.

ಜಗನ್ನಾಥನ್ ಕಾಲದಲ್ಲೇ ಸಿಡಿಯುವ ಕುಕ್ಕರುಗಳ ಸುದ್ದಿ ಕಂಪನಿಗೆ ಬಂದದ್ದು. ವಿಚಾರಿಸಿ ನೋಡಿದರೆ ಕುಕ್ಕರಿನಲ್ಲಿ ದೋಷವಿರಲಿಲ್ಲ. ಜನ ಹಾಕಿಸಿಕೊಂಡಿದ್ದ ಸೇಫ್ಟಿ ವಾಲ್ವುಗಳು ನಕಲಿಯಾಗಿದ್ದವು. ನಮ್ಮಪ್ಪ ತಂದದ್ದರ ಹಾಗೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ನಾವು ನೀವು ಕಂಪನಿಯ ಜಾಗದಲ್ಲಿದ್ದಿದ್ದರೆ ಏನು ಮಾಡುತ್ತಿದ್ದೆವು? "ಅಸಲಿ ಬಿಡಿಭಾಗ ಬಳಸದಿದ್ದರೆ ಕಂಪನಿ ಜವಾಬ್ದಾರಿಯಲ್ಲ" ಅಂತ ಗ್ಯಾರಂಟಿ ಕಾರ್ಡಿನಲ್ಲಿ ಒಂದು ಸಾಲು ಅಚ್ಚು ಹಾಕಿಸಿ ಕೈತೊಳೆದುಕೊಳ್ಳಬಹುದಿತ್ತು. ಕಾನೂನು ಅವರ ಕಡೆಗಿತ್ತು, ನ್ಯಾಯವೂ ಮುಕ್ಕಾಲು ಪಾಲು ಅವರ ಕಡೆಗೇ ಇತ್ತು. ಜಗನ್ನಾಥನ್ ಅಲ್ಲಿಗೆ ನಿಲ್ಲಲಿಲ್ಲ. ಜನ ನಕಲಿ ಕೊಳ್ಳುವುದನ್ನು ನಿಲ್ಲಿಸುವುದಿಲ್ಲ, ಹಾಗಿರುವಾಗ ನಕಲಿ ವಾಲ್ವ್ ಹಾಕಿದರೂ ಸಿಡಿಯದ ಕುಕ್ಕರ್ ಹೇಗೆ ಮಾಡುವುದು ಅಂತ ಯೋಚಿಸಿದರು. ಅದರ ಫಲವೇ ಮಗಳು ಬೆರಳಿಟ್ಟು ತೋರಿಸಿದ ಆ ಕಿಂಡಿ. ಮುಚ್ಚಳದ ಮಡಿಕೆಯ ಅಂಚಿನಲ್ಲಿ ಒಂದಿಷ್ಟು ಜಾಗ ಕೊರೆದಿರುತ್ತಾರೆ. ವೆಯ್ಟಿನ ಕೊಳವೆ ಕಟ್ಟಿಕೊಂಡು, ಸೇಫ್ಟಿ ವಾಲ್ವೂ ಕೈಕೊಟ್ಟರೆ, ಏರಿದ ಒತ್ತಡ ಗ್ಯಾಸ್ಕೆಟ್ಟಿನ ರಬ್ಬರನ್ನು ಆ ಕಿಂಡಿಯಿಂದ ಆಚೆಗೆ ಉಬ್ಬಿಸುತ್ತದೆ. ಅಲ್ಲಿಂದ ಆವಿ ಬುಸ್ಸೆಂದು ಹೊರಟು ಹೋಗುತ್ತದೆ. ಮುಚ್ಚಳ ಜಾಗ ಬಿಟ್ಟು ಕದಲುವುದಿಲ್ಲ. ಹೊಸ ಭಾಗ ಒಂದೂ ಇಲ್ಲ, ಇರುವ ಗ್ಯಾಸ್ಕೆಟ್, ಇರುವ ಮುಚ್ಚಳ, ನಡುವೆ ಒಂದು ಖಾಲಿ ಜಾಗ. ಗ್ಯಾಸ್ಕೆಟ್ ರಿಲೀಸ್ ಸಿಸ್ಟಂ ಅಂತ ದೊಡ್ಡ ಹೆಸರಿಟ್ಟರು. ಒಂದು ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿ, ಎಷ್ಟು ಸರಳವಾಗಿದೆ ಅಂತ ಆಶ್ಚರ್ಯವಾಗುತ್ತದೆ. 1679ರಲ್ಲಿ ಡೆನಿಸ್ ಪಾಪಿನ್ ಮೊದಲ ಒತ್ತಡದ ಪಾತ್ರೆ ಮಾಡಿದಾಗಿನಿಂದ ಇದರ ಚರಿತ್ರೆಯೇ ಆವಿಗೆ ಹೊರದಾರಿ ಹುಡುಕುವ ಚರಿತ್ರೆ. ಅದಕ್ಕೆ ನಮ್ಮ ದೇಶದ ರಿಪೇರಿ ಅಂಗಡಿಗಳನ್ನೂ ಚಾಪೆಯ ವ್ಯಾಪಾರವನ್ನೂ ಅರಿತು ಕೊಟ್ಟ ಉತ್ತರ ಈ ಕಿಂಡಿ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಕುಟುಂಬದ ಕಂಪನಿ ಅಂದ ಕೂಡಲೇ ಒಳ್ಳೆಯದು ಅಂತ ನಾನು ಒಪ್ಪುವುದಿಲ್ಲ. ಅಣ್ಣತಮ್ಮಂದಿರ ಜಗಳದಲ್ಲಿ, ಮೂರನೇ ತಲೆಮಾರಿನ ಬೇಜವಾಬ್ದಾರಿಯಲ್ಲಿ ಹಾಳಾದ ಕಂಪನಿಗಳನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಒಂದು ಮನೆತನ ಒಂದೇ ವಸ್ತುವಿನ ಜೊತೆ ಬಹಳ ಕಾಲ ಬದುಕಿದರೆ ಅದರ ಕೆಟ್ಟ ಸುದ್ದಿ ಬೇರೆ ಇಲಾಖೆಯ ಕಡತವಾಗಿ ಉಳಿಯುವುದಿಲ್ಲ, ಊಟದ ಮೇಜಿನ ತನಕ ಬರುತ್ತದೆ. ಜಗನ್ನಾಥನ್ ಸ್ವತಃ ಅಡುಗೆ ಮಾಡಲು ಇಷ್ಟಪಡುತ್ತಿದ್ದವರು. ಒಲೆಯ ಮುಂದೆ ನಿಂತು ಬಲ್ಲವರಿಗೆ ಮುಚ್ಚಳ ಹಾರಿದರೆ ಯಾರ ಮುಖಕ್ಕೆ ಬಡಿಯುತ್ತದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಕಿಂಡಿಯಲ್ಲಿ ನನಗೆ ಕಾಣುವುದು ಇದೇ. ನಮ್ಮಮ್ಮನನ್ನು ದೂರುವ ಬದಲು, ಅವಳು ಎಡವಿದರೂ ಬಾಧಕವಾಗದಂತೆ ಪಾತ್ರೆಯನ್ನೇ ತಿದ್ದಿದ ಮನಸ್ಸು.

"ಹೆಂಡತಿಯನ್ನು ಪ್ರೀತಿಸುವವನು ಪ್ರೆಸ್ಟೀಜ್ ಬೇಡ ಅಂದಾನೆಯೇ" ಅನ್ನುವ ಅರ್ಥದ ಹಿಂದಿ ಜಾಹೀರಾತು ನಮ್ಮ ವಯಸ್ಸಿನವರಿಗೆಲ್ಲ ನೆನಪಿರುತ್ತದೆ. ಕೊಳ್ಳುವವನು ಗಂಡ, ಬೇಯಿಸುವವಳು ಹೆಂಡತಿ ಅನ್ನುವ ಲೆಕ್ಕ ನನಗೆ ಆಗಲೂ ಹಿಡಿಸಿರಲಿಲ್ಲ, ಈಗಲೂ ಇಲ್ಲ. ಆದರೂ ಸಿಡಿದ ಕುಕ್ಕರ್ ಕಂಡ ಮನೆಯವಳಾಗಿ ಆ ಜಾಹೀರಾತಿನ ಪ್ರೀತಿ ಅನ್ನುವ ಮಾತಿಗೆ ಸುರಕ್ಷತೆ ಅಂತಲೇ ಅರ್ಥ ಹಚ್ಚಿಕೊಂಡಿದ್ದೇನೆ.

ಉಳಿದ ಕಥೆ ಬೇಗ ಹೇಳುತ್ತೇನೆ. 1994ರಲ್ಲಿ ಕಂಪನಿ ಷೇರು ಮಾರುಕಟ್ಟೆಗೆ ಬಂತು. 2000ರ ದಶಕದ ಮೊದಲ ವರ್ಷಗಳಲ್ಲಿ ಮತ್ತೆ ನಷ್ಟ. ಕುಕ್ಕರ್ ಒಂದನ್ನೇ ನಂಬಿದರೆ ಆಗದು ಅಂತ ಒಲೆ, ಮಿಕ್ಸಿ, ತವಾ ಎಲ್ಲ ಬಂದವು. 2016ರಲ್ಲಿ ಬ್ರಿಟನ್ನಿನ ಹಾರ್ವುಡ್ ಅನ್ನುವ ಪಾತ್ರೆಗಳ ಕಂಪನಿಯನ್ನೇ ಕೊಂಡುಕೊಂಡರು. ಇದೇ ಬಳಗದ ಇನ್ನೊಂದು ಕಂಪನಿ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ತಂಡ ರೂಪಿಸಿದ ಹೃದಯದ ಕೃತಕ ಕವಾಟವನ್ನು ತಯಾರಿಸುತ್ತದೆ. 1990ರಲ್ಲಿ ಮೊದಲ ಬಾರಿ ರೋಗಿಯೊಬ್ಬರಿಗೆ ಅಳವಡಿಸಿದ್ದು. ಅಡುಗೆಮನೆಯ ವಾಲ್ವಿನಿಂದ ಎದೆಯ ವಾಲ್ವಿನ ತನಕ ಒಂದೇ ಮನೆಹೆಸರು ಹೋಯಿತು ಅನ್ನುವುದು ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಸರ್ಕಾರ ಕುಕ್ಕರಿಗೆ ಐಎಸ್‌ಐ ಗುರುತು ಕಡ್ಡಾಯ ಅಂತ ಆದೇಶ ಹೊರಡಿಸಿದ್ದು 2020ರಲ್ಲಿ. ಐಎಸ್ 2347 ಅನ್ನುವ ಮಾನದಂಡ ಅದಕ್ಕೆ ಎಷ್ಟೋ ಮೊದಲಿನಿಂದ ಇತ್ತು. ಇಷ್ಟು ತಡ ಮಾಡಿದ್ದಕ್ಕೆ ನನಗೆ ನಿಜವಾಗಿ ಸಿಟ್ಟಿದೆ. ಆನ್‌ಲೈನಿನಲ್ಲಿ ಕೊಳ್ಳುವವರು ದಯವಿಟ್ಟು ಆ ಗುರುತು ನೋಡಿ ಕೊಳ್ಳಿ. ಗ್ಯಾಸ್ಕೆಟ್, ವಾಲ್ವ್ ಕೊಳ್ಳುವಾಗಲೂ ಅಸಲಿಯೇ ಕೇಳಿ ತನ್ನಿ, ರಬ್ಬರ್ ಗಟ್ಟಿಯಾದರೆ ಎಳೆದು ಬಳಸಬೇಡಿ.

ಸಂಜೆ ಹೊಸ ಗ್ಯಾಸ್ಕೆಟ್ ಹಾಕಿ ಬೇಳೆ ಇಟ್ಟೆ. ಅಮ್ಮ ನಮ್ಮ ಮನೆಯಲ್ಲೇ ಇದ್ದಾಳೆ ಈಗ. ಕಿಂಡಿ ತೋರಿಸಿ, ಇದಿರುವ ತನಕ ಹೆದರಬೇಕಾಗಿಲ್ಲ ಕಣಮ್ಮ ಅಂತ ಎಲ್ಲ ವಿವರಿಸಿದೆ. ಕನ್ನಡಕ ಏರಿಸಿ ನೋಡಿದಳು, "ಆಗ ಇದಿದ್ದಿದ್ರೆ" ಅಂದಳು. ಅಷ್ಟರಲ್ಲಿ ವೆಯ್ಟ್ ಅಲುಗಾಡಲು ಶುರುವಾಯಿತು. ಅಮ್ಮ ಮೊಮ್ಮಗಳ ಕೈ ಹಿಡಿದು ಬಾಗಿಲಾಚೆ ಹೋಗಿ ನಿಂತಳು. ಮೂರು ಕೂಗು ಮುಗಿದು ನಾನು ಒಲೆ ಆರಿಸಿದ ಮೇಲೇ ಒಳಗೆ ಬಂದಳು.